ಮಂಡ್ಯದಷ್ಟು ಜನರ ದ್ವೀಪ ವಿಶ್ವಕಪ್‌ಗೆ ಹೋಗಿದ್ದು ಹೇಗೆ?

2025ರ ನವೆಂಬರ್ 18ರಂದು ಭಾರತದ ಫುಟ್‌ಬಾಲ್ ತಂಡ ಢಾಕಾದಲ್ಲಿ ಬಾಂಗ್ಲಾದೇಶದ ಕೈಲಿ 0-1ರಲ್ಲಿ ಸೋತಿತು. ಬಾಂಗ್ಲಾಕ್ಕೆ ಭಾರತ ಸೋತಿದ್ದು 22 ವರ್ಷಗಳಲ್ಲಿ ಅದೇ ಮೊದಲು. ಅದೇ ತಾರೀಖಿನ ರಾತ್ರಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಕ್ಯುರಸಾವ್ ಎಂಬ ಪುಟ್ಟ ದ್ವೀಪದ ತಂಡ 0-0 ಡ್ರಾ ಮಾಡಿಕೊಂಡು 2026ರ ವಿಶ್ವಕಪ್‌ಗೆ ಹೋಯಿತು. ನಮ್ಮಲ್ಲಿ ಬೆಳಗ್ಗೆ ಎದ್ದು ಮೊಬೈಲ್ ನೋಡಿದವರಿಗೆ ಎರಡೂ ಸುದ್ದಿ ಒಟ್ಟಿಗೇ ಸಿಕ್ಕವು. ಆಮೇಲೆ ಬಂದದ್ದು ಹಳೇ ಪ್ರಶ್ನೆ: ಒಂದೂವರೆ ಲಕ್ಷ ಜನರ ದೇಶಕ್ಕೆ ಆಗುತ್ತೆ, 140 ಕೋಟಿ ಜನರಿಗೆ ಆಗಲ್ವಾ?

ಕೇಳೋದಕ್ಕೆ ನ್ಯಾಯವಾದ ಪ್ರಶ್ನೆ. ಆದರೆ ಅದರೊಳಗೆ ಎರಡು ತಪ್ಪು ತಿಳಿವಳಿಕೆ ಇದೆ. ಒಂದು, ಕ್ಯುರಸಾವ್ ನಾವಂದುಕೊಂಡಂಥ ಸ್ವತಂತ್ರ ದೇಶವೇ ಅಲ್ಲ. ಎರಡು, ಆ ತಂಡ ಆ ಒಂದೂವರೆ ಲಕ್ಷದಲ್ಲಿ ಹುಟ್ಟಿ ಬೆಳೆದದ್ದಲ್ಲ. ಇವೆರಡನ್ನೂ ಬಿಡಿಸಿ ನೋಡಿದರೆ ಪವಾಡದಂತೆ ಕಂಡದ್ದು ಸಾಕಷ್ಟು ಲೆಕ್ಕಾಚಾರದ ಕೆಲಸ ಅಂತ ಗೊತ್ತಾಗುತ್ತದೆ.

ಮೆನು ಕಾರ್ಡಿನಲ್ಲಿ ನೋಡಿದ ಹೆಸರು

ಬೆಂಗಳೂರಿನ ಕೆಫೆಗಳ ಮೆನುವಿನಲ್ಲಿ ನೀಲಿ ಬಣ್ಣದ ಒಂದು ಮಾಕ್‌ಟೇಲ್ ಇರುತ್ತದಲ್ಲ, ‘ಬ್ಲೂ ಕುರಕಾವೊ’ ಅಂತ ವೇಟರ್ ಹೇಳೋದು, ಆ ಹೆಸರು ಈ ದ್ವೀಪದ್ದೇ. ಅಲ್ಲಿ ಬೆಳೆಯುವ ಲರಾಹಾ ಎಂಬ ಕಹಿ ಕಿತ್ತಳೆಯ ಒಣಸಿಪ್ಪೆಯಿಂದ ಮಾಡುವ ಮದ್ಯ ಅದರ ಮೂಲ. ಇಂಗ್ಲಿಷ್ ಸ್ಪೆಲ್ಲಿಂಗ್‌ನ ಎರಡನೇ ‘ಸಿ’ ಅಕ್ಷರದ ಕೆಳಗೆ ಒಂದು ಬಾಲ ಇದೆ. ಆ ಬಾಲದಿಂದಾಗಿ ಅದು ‘ಕ’ ಆಗದೆ ‘ಸ’ ಆಗುತ್ತದೆ. ಅಲ್ಲಿನ ಜನ ತಮ್ಮ ಪಪಿಯಾಮೆಂಟು ಭಾಷೆಯಲ್ಲಿ ‘ಕೋರ್ಸೊವ್’ ಅನ್ನುತ್ತಾರೆ.

ವೆನೆಜುವೆಲಾದ ಕರಾವಳಿಯಿಂದ ಸುಮಾರು 65 ಕಿಲೋಮೀಟರ್ ಉತ್ತರಕ್ಕೆ, ಕೆರಿಬಿಯನ್ ಸಮುದ್ರದಲ್ಲಿ ಇರುವ ದ್ವೀಪ ಇದು. ವಿಸ್ತೀರ್ಣ 444 ಚದರ ಕಿಲೋಮೀಟರ್. ಬೆಂಗಳೂರು ನಗರಕ್ಕಿಂತ ಚಿಕ್ಕದು. ಜನಸಂಖ್ಯೆ ಸುಮಾರು 1.56 ಲಕ್ಷ. 2011ರ ಜನಗಣತಿಯಲ್ಲಿ ಮಂಡ್ಯ ನಗರದ ಲೆಕ್ಕ 1.37 ಲಕ್ಷ ಇತ್ತು, ಹೆಚ್ಚುಕಮ್ಮಿ ಅಷ್ಟೇ. ಇಷ್ಟು ಕಡಿಮೆ ಜನರಿರುವ ನಾಡು ಪುರುಷರ ವಿಶ್ವಕಪ್‌ಗೆ ಹಿಂದೆ ಯಾವತ್ತೂ ಹೋಗಿಲ್ಲ. 2018ರಲ್ಲಿ ಹೋಗಿದ್ದ ಐಸ್‌ಲೆಂಡ್‌ನಲ್ಲಿ ಸುಮಾರು ಮೂರೂವರೆ ಲಕ್ಷ ಜನರಿದ್ದರು. ಆ ದಾಖಲೆ ಮುರಿದದ್ದಲ್ಲ, ಅರ್ಧಕ್ಕಿಂತ ಕೆಳಗೆ ಇಳಿಯಿತು.

ದೇಶ ಹೌದು, ಸ್ವತಂತ್ರ ಅಲ್ಲ

ನೆದರ್ಲೆಂಡ್ಸ್ ಸಾಮ್ರಾಜ್ಯ ಅಂತ ಒಂದಿದೆ. ಅದರೊಳಗೆ ನಾಲ್ಕು ‘ದೇಶ’ಗಳು: ಯುರೋಪಿನ ನೆದರ್ಲೆಂಡ್ಸ್, ಅರುಬಾ, ಕ್ಯುರಸಾವ್ ಮತ್ತು ಸಿಂಟ್ ಮಾರ್ಟೆನ್. ಕ್ಯುರಸಾವ್‌ಗೆ ಸ್ವಂತ ಸಂಸತ್ತು ಇದೆ, ಸ್ವಂತ ಪ್ರಧಾನಿ ಇದ್ದಾರೆ. ಆದರೆ ರಕ್ಷಣೆ, ವಿದೇಶ ವ್ಯವಹಾರ ಮತ್ತು ಪೌರತ್ವ ಸಾಮ್ರಾಜ್ಯದ ಕೈಯಲ್ಲಿ. ಅಲ್ಲಿ ಹುಟ್ಟಿದವರ ಕೈಯಲ್ಲಿರುವುದು ಆಮ್‌ಸ್ಟರ್‌ಡ್ಯಾಮ್‌ನವರ ಹತ್ತಿರ ಇರುವಂಥದ್ದೇ ಡಚ್ ಪಾಸ್‌ಪೋರ್ಟ್. ವಿಶ್ವಸಂಸ್ಥೆಯಲ್ಲಿ ಕ್ಯುರಸಾವ್‌ಗೆ ಪ್ರತ್ಯೇಕ ಕುರ್ಚಿ ಇಲ್ಲ.

ಹಾಗಿದ್ದರೆ ಜಗತ್ತಿನ ಫುಟ್‌ಬಾಲ್ ನಡೆಸುವ ಫಿಫಾದಲ್ಲಿ ಮಾತ್ರ ಹೇಗೆ ಇದೆ? ಫಿಫಾದ ಸದಸ್ಯರು ದೇಶಗಳಲ್ಲ, ಫುಟ್‌ಬಾಲ್ ಸಂಸ್ಥೆಗಳು. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಬೇರೆ ಬೇರೆ ತಂಡ ಆಡಿಸುವುದು ಇದೇ ಕಾರಣಕ್ಕೆ. ಈ ಭಾಗದ ಡಚ್ ದ್ವೀಪಗಳು ಹಿಂದೆ ನೆದರ್ಲೆಂಡ್ಸ್ ಆಂಟಿಲೀಸ್ ಎಂಬ ಹೆಸರಿನಲ್ಲಿ ಒಟ್ಟಿಗೆ ಆಡುತ್ತಿದ್ದವು. 2010ರ ಅಕ್ಟೋಬರ್ 10ರಂದು ಆಂಟಿಲೀಸ್ ವಿಸರ್ಜನೆಯಾಯಿತು. ಅದರ ಫಿಫಾ ಸದಸ್ಯತ್ವ ಕ್ಯುರಸಾವ್‌ನ ಫೆಡರೇಶನ್‌ಗೆ ಬಂತು. ಮನೆ ಪಾಲಾದಾಗ ಹಳೇ ರೇಷನ್ ಕಾರ್ಡ್ ಯಾರಿಗೆ ಉಳಿಯಿತು ಅನ್ನುವ ಹಾಗೆ.

ಸಿಂಟ್ ಮಾರ್ಟೆನ್‌ಗೆ ಆ ಅದೃಷ್ಟ ಸಿಗಲಿಲ್ಲ. ಅದು ಇವತ್ತಿಗೂ ಫಿಫಾ ಸದಸ್ಯ ಅಲ್ಲ, ವಿಶ್ವಕಪ್ ಅರ್ಹತಾ ಪಂದ್ಯ ಆಡುವ ಹಾಗಿಲ್ಲ. ಇನ್ನೂ ವಿಚಿತ್ರ ಒಲಿಂಪಿಕ್ಸ್‌ನದು. ಅಲ್ಲಿ ಆಂಟಿಲೀಸ್‌ನ ಮಾನ್ಯತೆ 2011ರಲ್ಲಿ ಹೋಯಿತು, ಕ್ಯುರಸಾವ್‌ಗೆ ಏನೂ ಬರಲಿಲ್ಲ. ಕ್ಯುರಸಾವ್‌ನ ಓಟಗಾರ ಚುರಾಂಡಿ ಮಾರ್ಟಿನಾ 2008ರಲ್ಲಿ ಬೀಜಿಂಗ್‌ನಲ್ಲಿ ಆಂಟಿಲೀಸ್ ಪರ ಓಡಿದರು. ನಾಲ್ಕು ವರ್ಷ ಕಳೆದು ಲಂಡನ್‌ನಲ್ಲಿ ನೆದರ್ಲೆಂಡ್ಸ್ ಜೆರ್ಸಿ ಹಾಕಿಕೊಂಡು ಓಡಿದರು. ಅದೇ ಮನುಷ್ಯ, ಅದೇ ಪಾಸ್‌ಪೋರ್ಟ್. ಅಂದರೆ ಕ್ಯುರಸಾವ್ ‘ದೇಶ’ವೋ ಅಲ್ಲವೋ ಅನ್ನುವುದು ಯಾವ ಆಟ, ಯಾವ ಸಂಸ್ಥೆ ಅನ್ನುವುದರ ಮೇಲೆ ನಿಂತಿದೆ.

ಎಣ್ಣೆ ಕಂಪನಿ ಹೋಯಿತು, ಜನ ಹೊರಟರು

ಈ ತಂಡದ ಕಥೆ ಶುರುವಾಗುವುದು ಮೈದಾನದಲ್ಲಲ್ಲ, ಎಣ್ಣೆ ಶುದ್ಧೀಕರಣ ಕಾರ್ಖಾನೆಯಲ್ಲಿ.

ನೂರು ವರ್ಷದ ಹಿಂದೆ ವೆನೆಜುವೆಲಾದ ಮರಕೈಬೊ ಸರೋವರದ ಸುತ್ತ ಎಣ್ಣೆ ಸಿಕ್ಕಿತು. ಸರೋವರದ ಬಾಯಲ್ಲಿ ಮರಳಿನ ದಿಬ್ಬ. ದೊಡ್ಡ ಹಡಗುಗಳು ಒಳಗೆ ಹೋಗುವ ಹಾಗಿರಲಿಲ್ಲ. ಶೆಲ್ ಕಂಪನಿ ಚಿಕ್ಕ ಹಡಗುಗಳಲ್ಲಿ ಎಣ್ಣೆ ತಂದು, ಕ್ಯುರಸಾವ್‌ನ ರಾಜಧಾನಿ ವಿಲ್ಲೆಮ್‌ಸ್ಟಾಡ್‌ನ ಆಳವಾದ ಬಂದರಿನಲ್ಲಿ ಶುದ್ಧೀಕರಣ ಶುರುಮಾಡಿತು. ದ್ವೀಪದ ಬದುಕು ಪೂರ್ತಿ ಅದರ ಸುತ್ತ ಕಟ್ಟಿಕೊಂಡಿತು. ಆಮೇಲೆ ಯಂತ್ರಗಳು ಬಂದವು, ಕೆಲಸ ಕಡಿಮೆಯಾಯಿತು. 1969ರ ಮೇ 30ರಂದು ಕೂಲಿಯ ವಿಚಾರಕ್ಕೆ ಶುರುವಾದ ಮುಷ್ಕರ ದಂಗೆಯಾಗಿ ವಿಲ್ಲೆಮ್‌ಸ್ಟಾಡ್‌ನ ಒಂದು ಭಾಗವೇ ಸುಟ್ಟುಹೋಯಿತು. 1985ರಲ್ಲಿ ಶೆಲ್ ಕಾರ್ಖಾನೆಯನ್ನು ನೆಪಮಾತ್ರದ ಬೆಲೆಗೆ ಸರ್ಕಾರಕ್ಕೆ ಬಿಟ್ಟುಕೊಟ್ಟು ಹೊರಟಿತು.

ಕೆಲಸ ಇಲ್ಲ, ಕೈಯಲ್ಲಿ ಡಚ್ ಪಾಸ್‌ಪೋರ್ಟ್ ಇದೆ, ವೀಸಾ ಬೇಕಿಲ್ಲ. ಇಂಥ ಹೊತ್ತಲ್ಲಿ ಜನ ಏನು ಮಾಡುತ್ತಾರೆ? ವಿಮಾನ ಹತ್ತಿದರು. ಓದೋದಕ್ಕೆ ಅಂತ ಹೋದವರೂ ಬಹಳ ಜನ ಅಲ್ಲೇ ಉಳಿದರು. ಇವತ್ತು ನೆದರ್ಲೆಂಡ್ಸ್‌ನಲ್ಲಿ ಕ್ಯುರಸಾವ್ ಮೂಲದವರ ಸಂಖ್ಯೆ ಲಕ್ಷ ದಾಟುತ್ತದೆ. ದ್ವೀಪದ ಜನಸಂಖ್ಯೆಗೆ ಹೋಲಿಸಿ ನೋಡಿ, ಅದು ಎಂಥ ದೊಡ್ಡ ಸಂಖ್ಯೆ ಅಂತ ಗೊತ್ತಾಗುತ್ತದೆ.

ಅವರ ಮಕ್ಕಳು ಬೆಳೆದದ್ದು ಜಗತ್ತಿನಲ್ಲೇ ಒಳ್ಳೆಯ ಫುಟ್‌ಬಾಲ್ ತರಬೇತಿ ಇರುವ ದೇಶವೊಂದರಲ್ಲಿ. ಅಲ್ಲಿ ಊರಿಗೊಂದು ಕ್ಲಬ್ ಇದೆ, ಕ್ಲಬ್‌ಗೊಂದು ಹುಲ್ಲಿನ ಮೈದಾನ ಇದೆ. ಚೆನ್ನಾಗಿ ಆಡುವ ಎಂಟು ವರ್ಷದ ಹುಡುಗ ದೊಡ್ಡ ಕ್ಲಬ್‌ನವರ ಕಣ್ಣಿಗೆ ಬೀಳದೆ ಇರುವುದು ಕಷ್ಟ. ಕ್ಯುರಸಾವ್ ನಾಯಕ ಲಿಯಾಂಡ್ರೊ ಬಕುನಾ ಮತ್ತು ಅವರ ತಮ್ಮ ಜುನಿನ್ಯೊ ಹುಟ್ಟಿದ್ದು ಉತ್ತರ ನೆದರ್ಲೆಂಡ್ಸ್‌ನ ಖ್ರೋನಿಂಗೆನ್‌ನಲ್ಲಿ. ಗೋಲ್‌ಕೀಪರ್ ಎಲಾಯ್ ರೂಮ್ ಹುಟ್ಟಿದ್ದು ನೈಮೇಖೆನ್‌ನಲ್ಲಿ. ಅರ್ಹತೆ ತಂದುಕೊಟ್ಟ ತಂಡದಲ್ಲಿ ದ್ವೀಪದಲ್ಲೇ ಹುಟ್ಟಿದವರು ಒಬ್ಬರೇ, ತಹಿತ್ ಚಾಂಗ್. ಅವರೂ ಚಿಕ್ಕಂದಿನಲ್ಲೇ ರಾಟರ್‌ಡ್ಯಾಮ್‌ನ ಫೆಯೆನೂರ್ಡ್ ಅಕಾಡೆಮಿ ಸೇರಿದವರು.

ಒಂದೇ ಪಾಸ್‌ಪೋರ್ಟ್, ಎರಡು ಜೆರ್ಸಿ

ಡಚ್ ಪಾಸ್‌ಪೋರ್ಟ್ ಇದ್ದ ಮಾತ್ರಕ್ಕೆ ಯಾರು ಬೇಕಾದರೂ ಕ್ಯುರಸಾವ್‌ಗೆ ಆಡಬಹುದಾ? ಇಲ್ಲ. ಒಂದೇ ಪೌರತ್ವ ಎರಡು ಮೂರು ತಂಡಗಳಿಗೆ ಬಾಗಿಲು ತೆರೆಯುವಾಗ ಫಿಫಾ ಇನ್ನೊಂದು ನಂಟು ಕೇಳುತ್ತದೆ. ಆಟಗಾರ ಅಲ್ಲಿ ಹುಟ್ಟಿರಬೇಕು. ಇಲ್ಲವೇ ತಂದೆ ತಾಯಿ, ಅಜ್ಜ ಅಜ್ಜಿಯರಲ್ಲಿ ಒಬ್ಬರಾದರೂ ಅಲ್ಲಿ ಹುಟ್ಟಿರಬೇಕು. ಅದೂ ಇಲ್ಲದಿದ್ದರೆ ಕೆಲವು ವರ್ಷ ಅಲ್ಲಿ ವಾಸ ಮಾಡಿರಬೇಕು. ಅಜ್ಜಿ ವಿಲ್ಲೆಮ್‌ಸ್ಟಾಡ್‌ನವಳು ಅಂದರೆ ಸಾಕು, ಮೊಮ್ಮಗನಿಗೆ ಅರ್ಹತೆ ಬಂತು. ಹೊಸ ಪೌರತ್ವಕ್ಕೆ ಅರ್ಜಿ ಹಾಕಬೇಕಿಲ್ಲ, ಹಳೆಯದನ್ನು ಬಿಡಬೇಕಿಲ್ಲ.

ಬಾಗಿಲು ಮೊದಲಿನಿಂದಲೂ ತೆರೆದೇ ಇತ್ತು. ಒಳಗೆ ಕರೆಯುವವರು ಬೇಕಿತ್ತು. ಆ ಕೆಲಸವನ್ನು ಗಟ್ಟಿಯಾಗಿ ಶುರುಮಾಡಿದವರು ಪ್ಯಾಟ್ರಿಕ್ ಕ್ಲೈವರ್ಟ್. ಡಚ್ ಫುಟ್‌ಬಾಲಿನ ದೊಡ್ಡ ಹೆಸರು, ತಾಯಿ ಕ್ಯುರಸಾವ್‌ನವರು. 2015ರಲ್ಲಿ ಅವರು ಕೋಚ್ ಆದಾಗ, ನೆದರ್ಲೆಂಡ್ಸ್ ತಂಡದಲ್ಲಿ ಜಾಗ ಸಿಗದ ವೃತ್ತಿಪರ ಆಟಗಾರರು ಈ ಕಡೆ ನೋಡಲು ಶುರುಮಾಡಿದರು. 2017ರಲ್ಲಿ ರೆಮ್ಕೊ ಬಿಸೆಂಟಿನಿ ಕೋಚ್ ಆಗಿದ್ದಾಗ ಕೆರಿಬಿಯನ್ ಕಪ್ ಬಂತು, ಫೈನಲ್‌ನಲ್ಲಿ ಸೋತದ್ದು ಇದೇ ಜಮೈಕಾ. ನಂತರ ಗುಸ್ ಹಿಡ್ಡಿಂಕ್ ಬಂದರು. 2024ರ ಜನವರಿಯಲ್ಲಿ ಡಿಕ್ ಅಡ್ವೊಕಾಟ್ ಬಂದರು. 1994ರ ವಿಶ್ವಕಪ್‌ನಲ್ಲಿ ನೆದರ್ಲೆಂಡ್ಸ್‌ಗೆ ಕೋಚ್ ಆಗಿದ್ದ ಮನುಷ್ಯ. ಇಂಥವರು ಫೋನ್ ಮಾಡಿ “ಬರ್ತೀಯಾ?” ಅಂದರೆ ಆಟಗಾರ ಇಲ್ಲ ಅನ್ನುವ ಮೊದಲು ಎರಡು ಸಲ ಯೋಚಿಸುತ್ತಾನೆ.

ನಿಯಮವೂ ಸಡಿಲವಾಯಿತು. ಮೊದಲು ಒಂದು ದೇಶದ ಹಿರಿಯರ ತಂಡಕ್ಕೆ ಒಂದೇ ಒಂದು ಸ್ಪರ್ಧಾತ್ಮಕ ಪಂದ್ಯ ಆಡಿದರೂ ಮುಗಿಯಿತು, ಜೀವನಪೂರ್ತಿ ಅಲ್ಲೇ. 2020ರಲ್ಲಿ ಫಿಫಾ ಇದನ್ನು ಬದಲಿಸಿತು. 21 ವರ್ಷ ತುಂಬುವ ಮೊದಲು ಅಂಥ ಪಂದ್ಯ ಮೂರಕ್ಕಿಂತ ಜಾಸ್ತಿ ಆಡಿರಬಾರದು, ವಿಶ್ವಕಪ್‌ನಂಥ ಮುಖ್ಯ ಟೂರ್ನಿಯಲ್ಲಿ ಇಳಿದಿರಬಾರದು, ಮೂರು ವರ್ಷ ಕಳೆದಿರಬೇಕು. ಇಷ್ಟಾದರೆ ತಂಡ ಬದಲಿಸಬಹುದು. ಒಂದು ಕಾಲಕ್ಕೆ ನೆದರ್ಲೆಂಡ್ಸ್‌ನ ಕಿತ್ತಳೆ ಜೆರ್ಸಿ ಹಾಕಿದ್ದ ರೀಖೆಡ್ಲಿ ಬಜೂರ್, ಜೋಶುವಾ ಬ್ರೆನೆಟ್ ಕೂಡ ಆಮೇಲೆ ಕ್ಯುರಸಾವ್‌ನ ನೀಲಿ ಜೆರ್ಸಿ ಹಾಕಿದರು.

ಇದನ್ನು ಮಲೇಷ್ಯಾದ ಹಗರಣದ ಜೊತೆ ಬೆರೆಸಬೇಡಿ. 2025ರ ಸೆಪ್ಟೆಂಬರ್‌ನಲ್ಲಿ ಫಿಫಾ ಮಲೇಷ್ಯಾದ ಏಳು ಆಟಗಾರರನ್ನು ಅಮಾನತು ಮಾಡಿತು. ಅವರ ಅಜ್ಜ ಅಜ್ಜಿ ಮಲೇಷ್ಯಾದಲ್ಲಿ ಹುಟ್ಟಿದ್ದರು ಅಂತ ಕೊಟ್ಟ ದಾಖಲೆಗಳು ನಕಲಿ, ಅಸಲಿ ಕಾಗದದಲ್ಲಿ ಇದ್ದದ್ದು ಅರ್ಜೆಂಟೀನಾ, ಸ್ಪೇನ್‌ನಂಥ ದೇಶಗಳ ಊರು ಅನ್ನುವುದು ಫಿಫಾದ ತೀರ್ಮಾನ. ಅಲ್ಲಿ ಅಜ್ಜಿಯನ್ನು ಕಾಗದದ ಮೇಲೆ ಹುಟ್ಟಿಸಿದರು. ಇಲ್ಲಿ ಅಜ್ಜಿ ನಿಜವಾಗಿಯೂ ಇದ್ದಾಳೆ.

ಬಾಗಿಲೇ ಅಗಲವಾಗಿತ್ತು

ಒಳ್ಳೆ ಆಟಗಾರರು ಸಿಕ್ಕರು ಅಂದುಕೊಳ್ಳಿ. ಅಷ್ಟರಿಂದಲೇ ವಿಶ್ವಕಪ್ ಸಿಗುತ್ತಿರಲಿಲ್ಲ. ಉತ್ತರ ಅಮೆರಿಕ, ಮಧ್ಯ ಅಮೆರಿಕ, ಕೆರಿಬಿಯನ್ ಸೇರಿದ ಈ ವಲಯಕ್ಕೆ ಮೊದಲು ಸಿಗುತ್ತಿದ್ದದ್ದು ಮೂರು ನೇರ ಜಾಗ, ಜೊತೆಗೆ ಒಂದು ಪ್ಲೇಆಫ್, ಅಂದರೆ ಬೇರೆ ವಲಯದ ತಂಡವನ್ನು ಸೋಲಿಸಿದರೆ ಒಳಗೆ ಹೋಗುವ ಇನ್ನೊಂದು ಅವಕಾಶ. ಅಮೆರಿಕ ಮತ್ತು ಮೆಕ್ಸಿಕೊ ಸಾಮಾನ್ಯವಾಗಿ ಎರಡನ್ನು ತಿಂದುಹಾಕುತ್ತಿದ್ದವು.

2026ರಲ್ಲಿ ಎರಡು ಬದಲಾವಣೆ ಒಟ್ಟಿಗೇ ಆದವು. ತಂಡಗಳ ಸಂಖ್ಯೆ 32ರಿಂದ 48ಕ್ಕೆ ಏರಿತು. ಅದರ ಮೇಲೆ, ಈ ಸಲ ಆತಿಥ್ಯ ವಹಿಸುವ ಅಮೆರಿಕ, ಮೆಕ್ಸಿಕೊ, ಕೆನಡಾ ಮೂರೂ ಇದೇ ವಲಯದವು. ಅವು ಅರ್ಹತಾ ಪಂದ್ಯ ಆಡಲೇ ಇಲ್ಲ, ನೇರ ಒಳಗೆ. ಉಳಿದವರಿಗೆ ಮೂರು ನೇರ ಜಾಗ, ಎರಡು ಪ್ಲೇಆಫ್. ಅಂದರೆ ಕ್ಲಾಸಿನ ಮೂವರು ರ‍್ಯಾಂಕ್ ಹುಡುಗರು ಪರೀಕ್ಷೆಗೇ ಬರಲಿಲ್ಲ, ಬಹುಮಾನ ಮಾತ್ರ ಅಷ್ಟೇ ಇತ್ತು. ಪನಾಮಾ, ಹೈಟಿ, ಕ್ಯುರಸಾವ್ ಆ ಮೂರು ಜಾಗ ಹಿಡಿದವು. ಕೋಸ್ಟಾ ರಿಕಾ, ಹೊಂಡುರಾಸ್‌ನಂಥ ಹಳಬರು ಹೊರಗುಳಿದರು.

ಇದರಿಂದ ಕ್ಯುರಸಾವ್ ಸಾಧನೆ ಸಣ್ಣದಾಯಿತಾ? ಹತ್ತು ಅರ್ಹತಾ ಪಂದ್ಯಗಳಲ್ಲಿ ಏಳು ಗೆಲುವು, ಮೂರು ಡ್ರಾ, ಒಂದೂ ಸೋಲಿಲ್ಲ. ತನ್ನಂತೆಯೇ ವಿಶ್ವಕಪ್‌ಗೆ ಹೋದ ಹೈಟಿಯನ್ನು 5-1ರಲ್ಲಿ, ಬರ್ಮುಡಾವನ್ನು ಅದರ ಊರಲ್ಲೇ 7-0ಯಲ್ಲಿ ಸೋಲಿಸಿದ ತಂಡ ಇದು. ಬಾಗಿಲು ಅಗಲವಾಗಿದ್ದು ನಿಜ. ಅದೇ ಬಾಗಿಲು 28 ಲಕ್ಷ ಜನರ ಜಮೈಕಾಗೂ ತೆರೆದಿತ್ತು.

ಕಿಂಗ್‌ಸ್ಟನ್‌ನ ಕೊನೆ ನಿಮಿಷಗಳು

ಕೊನೆಯ ಪಂದ್ಯಕ್ಕೆ ಮೊದಲು ಕ್ಯುರಸಾವ್ 11 ಅಂಕ, ಜಮೈಕಾ 10. ಕ್ಯುರಸಾವ್‌ಗೆ ಡ್ರಾ ಸಾಕು, ಜಮೈಕಾ ಗೆಲ್ಲಲೇಬೇಕು. ಮೂರು ವಾರದ ಹಿಂದಷ್ಟೇ ಮೆಲಿಸ್ಸಾ ಚಂಡಮಾರುತ ಜಮೈಕಾವನ್ನು ನುಚ್ಚುನೂರು ಮಾಡಿತ್ತು. ಆ ದೇಶಕ್ಕೂ ಒಂದು ಒಳ್ಳೆ ಸುದ್ದಿ ಬೇಕಿತ್ತು. ಇನ್ನು ಕ್ಯುರಸಾವ್ ಕೋಚ್ ಅಡ್ವೊಕಾಟ್ ಮೈದಾನದಲ್ಲೇ ಇರಲಿಲ್ಲ. ಮನೆಯ ಕಾರಣಕ್ಕೆ ನೆದರ್ಲೆಂಡ್ಸ್‌ಗೆ ಹೋಗಿದ್ದರು, ಸಹಾಯಕರು ತಂಡ ನಡೆಸಿದರು.

ಜಮೈಕಾ ಮೂರು ಸಲ ಗೋಲ್ ಕಂಬಕ್ಕೆ ಹೊಡೆಯಿತು. ಒಂದಲ್ಲ, ಎರಡಲ್ಲ, ಮೂರು. ಹೆಚ್ಚುವರಿ ಸಮಯದಲ್ಲಿ ಪೆನಾಲ್ಟಿ ಬಾಕ್ಸ್ ಒಳಗೆ ಜಮೈಕಾದ ಆಟಗಾರ ಬಿದ್ದ, ರೆಫರಿ ಪೆನಾಲ್ಟಿ ಕೊಟ್ಟೇಬಿಟ್ಟರು. ಕ್ರೀಡಾಂಗಣ ಕುಣಿಯಿತು. ಆಮೇಲೆ ವಿಡಿಯೊ ನೋಡಿ ತೀರ್ಪು ಪರೀಕ್ಷಿಸುವ ವಿಎಆರ್‌ನಿಂದ ಕರೆ ಬಂತು. ರೆಫರಿ ಪಕ್ಕದ ಪರದೆಯಲ್ಲಿ ನೋಡಿ ಬಂದರು, ತೀರ್ಪು ವಾಪಸ್. ಕೆಲವು ನಿಮಿಷಕ್ಕೆ ಸೀಟಿ. ಜಮೈಕಾದ ಕೋಚ್ ಸ್ಟೀವ್ ಮೆಕ್‌ಲಾರೆನ್ ಅವತ್ತೇ ರಾಜೀನಾಮೆ ಕೊಟ್ಟರು.

ಲೆಕ್ಕಾಚಾರ ಅಂತ ಮೇಲೆ ಹೇಳಿದ್ದು ನಿಜವೇ. ಆದರೆ ಹತ್ತು ವರ್ಷದ ಲೆಕ್ಕಾಚಾರ ಕಡೆಗೆ ಒಂದು ಕಂಬದ ಮೇಲೆ, ಒಂದು ಪರದೆಯ ಮೇಲೆ ನಿಂತಿತ್ತು ಅನ್ನುವುದೂ ನಿಜ.

‘ನೆದರ್ಲೆಂಡ್ಸ್ ಬಿ ಟೀಮ್’ ಅನ್ನುವವರು

ಟೀಕೆ ಇಷ್ಟೇ: ಇವರೆಲ್ಲ ಡಚ್ ಹುಡುಗರು. ನೆದರ್ಲೆಂಡ್ಸ್ ತಂಡಕ್ಕೆ ಆಯ್ಕೆ ಆಗದವರು ಇಲ್ಲಿ ಸೇರಿಕೊಂಡಿದ್ದಾರೆ. ದ್ವೀಪದ ಸ್ಥಳೀಯ ಲೀಗ್‌ನಲ್ಲಿ ಆಡುವವನಿಗೆ ಏನು ಸಿಕ್ಕಿತು?

ಇದರಲ್ಲಿ ಅರ್ಧ ಸತ್ಯ ಇದೆ. ದ್ವೀಪದ ಮಕ್ಕಳ ಮೊದಲ ಆಟ ಫುಟ್‌ಬಾಲ್ ಅಲ್ಲವೇ ಅಲ್ಲ, ಬೇಸ್‌ಬಾಲ್. ಅಮೆರಿಕದ ದೊಡ್ಡ ಲೀಗ್‌ನಲ್ಲಿ ಹೆಸರು ಮಾಡಿದ ಆಂಡ್ರೂ ಜೋನ್ಸ್, ಕೆನ್ಲಿ ಯಾನ್ಸೆನ್, ಆಜಿ ಆಲ್ಬೀಸ್ ಎಲ್ಲ ಈ ದ್ವೀಪದವರೇ. 2004ರಲ್ಲಿ ಮಕ್ಕಳ ಬೇಸ್‌ಬಾಲ್ ವಿಶ್ವ ಸರಣಿಯನ್ನು ವಿಲ್ಲೆಮ್‌ಸ್ಟಾಡ್‌ನ ತಂಡ ಗೆದ್ದಿತ್ತು. ದ್ವೀಪದ ನೆಲದಿಂದ ಬೆಳೆದ ಕ್ರೀಡೆ ಯಾವುದು ಅಂದರೆ ಅದು. ಫುಟ್‌ಬಾಲ್ ತಂಡ ಬಂದದ್ದು ವಲಸೆಯಿಂದ.

ಇನ್ನರ್ಧಕ್ಕೆ ಉತ್ತರವೂ ಇದೆ. ಅಪ್ಪ ಅಮ್ಮ ಊರು ಬಿಟ್ಟದ್ದು ಕೆಲಸ ಇಲ್ಲದ್ದಕ್ಕೆ. ಮನೆಯಲ್ಲಿ ಪಪಿಯಾಮೆಂಟು ಮಾತಾಡಿ ಬೆಳೆದ ಹುಡುಗನಿಗೆ ಆ ದ್ವೀಪ ಪರದೇಶವಾ? ಹಣ ಕೊಟ್ಟು ಪೌರತ್ವ ಕೊಡಿಸಿದ ಕೇಸು ಇಲ್ಲಿ ಒಂದೂ ಇಲ್ಲ. 2022ರಲ್ಲಿ ಸೆಮಿಫೈನಲ್ ತಲುಪಿದ ಮೊರಾಕೊದ 26 ಆಟಗಾರರಲ್ಲಿ 14 ಮಂದಿ ಹೊರಗೆ ಹುಟ್ಟಿದವರು. ಆಗ ಜಗತ್ತು ಕುಣಿಯಿತು, ಯಾರೂ ಹುಟ್ಟೂರಿನ ಸರ್ಟಿಫಿಕೇಟ್ ಕೇಳಲಿಲ್ಲ.

ಈ ಸಲ ಅರ್ಹತೆ ಪಡೆದ ಇನ್ನೊಂದು ದ್ವೀಪ ನಾಡು, ಆಫ್ರಿಕಾದ ಪಕ್ಕದ ಕೇಪ್ ವರ್ಡ್, ಇದನ್ನೇ ಇನ್ನೂ ಕಷ್ಟಪಟ್ಟು ಮಾಡಿದೆ. ಹತ್ತು ದ್ವೀಪ, ಐದು ಲಕ್ಷ ಚಿಲ್ಲರೆ ಜನ. ಅವರ ಡಿಫೆಂಡರ್ ರಾಬರ್ಟೊ ‘ಪಿಕೊ’ ಲೋಪೆಸ್ ಹುಟ್ಟಿದ್ದು ಡಬ್ಲಿನ್‌ನಲ್ಲಿ, ತಂದೆ ಕೇಪ್ ವರ್ಡ್‌ನವರು. 2018ರಲ್ಲಿ ಅಂದಿನ ಕೋಚ್ ರುಯಿ ಆಗ್ವಾಸ್ ಅವರಿಗೆ ಲಿಂಕ್ಡ್‌ಇನ್‌ನಲ್ಲಿ ಪೋರ್ಚುಗೀಸ್ ಭಾಷೆಯಲ್ಲಿ ಮೆಸೇಜ್ ಕಳಿಸಿದರು. ಲೋಪೆಸ್ ಸ್ಪ್ಯಾಮ್ ಅಂದುಕೊಂಡು ಸುಮ್ನೆ ಬಿಟ್ಟರು. ತಿಂಗಳುಗಟ್ಟಲೆ ಕಳೆದು ಇನ್ನೊಂದು ಮೆಸೇಜ್ ಬಂದಾಗ, ಹಳೆಯದನ್ನು ಗೂಗಲ್‌ನಲ್ಲಿ ಅನುವಾದ ಮಾಡಿ ನೋಡಿದರು. ರಾಷ್ಟ್ರೀಯ ತಂಡಕ್ಕೆ ಆಡುತ್ತೀರಾ ಅಂತ ಕೇಳಿದ್ದರು.

ಐಸ್‌ಲೆಂಡ್‌ನ ದಾರಿ ಬೇರೆ. ಅದು ಒಳಾಂಗಣ ಮೈದಾನ ಕಟ್ಟಿ, ಹಳ್ಳಿ ಹಳ್ಳಿಗೆ ಲೈಸೆನ್ಸ್ ಇರುವ ಕೋಚ್‌ಗಳನ್ನು ಹಾಕಿ, ಊರಲ್ಲೇ ಹುಡುಗರನ್ನು ಬೆಳೆಸಿತು. ಅದು ಹೆಚ್ಚು ಖರ್ಚಿನ, ಹೆಚ್ಚು ಸಮಯದ ದಾರಿ. ‘ಚಿಕ್ಕ ದೇಶಗಳ ಯಶಸ್ಸು’ ಅಂತ ಇವನ್ನೆಲ್ಲ ಒಂದೇ ಚೀಲಕ್ಕೆ ತುಂಬುವುದು ತಪ್ಪು.

ಹಾಗಾದರೆ 140 ಕೋಟಿಯ ಪ್ರಶ್ನೆ?

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಭಾರತವೂ ಹೋಗಿತ್ತು, ನೆದರ್ಲೆಂಡ್ಸ್ ಆಂಟಿಲೀಸ್ ಕೂಡ ಹೋಗಿತ್ತು. ಎರಡೂ ಮೊದಲ ಪಂದ್ಯದಲ್ಲೇ ಔಟ್. ಭಾರತ ಯುಗೊಸ್ಲಾವಿಯಾ ಎದುರು 1-10, ನಮ್ಮವರಲ್ಲಿ ಬಹುಪಾಲು ಬರಿಗಾಲು. ಆಂಟಿಲೀಸ್ ಟರ್ಕಿ ಎದುರು 1-2. ಅಲ್ಲಿಂದ 2025ರ ಆ ನವೆಂಬರ್‌ಗೆ 73 ವರ್ಷ.

ವಿಶ್ವಕಪ್ 48 ತಂಡಕ್ಕೆ ಏರಿದ್ದರಿಂದ ಏಷ್ಯಾದ ನೇರ ಜಾಗಗಳೂ ನಾಲ್ಕರಿಂದ ಎಂಟಾದವು. ಭಾರತ ಎರಡನೇ ಸುತ್ತಿನಲ್ಲೇ ಮುಗ್ಗರಿಸಿತು. ಗುವಾಹಟಿಯಲ್ಲಿ ಅಫ್ಘಾನಿಸ್ತಾನಕ್ಕೆ 1-2ರಲ್ಲಿ ಸೋತದ್ದೇ ದುಬಾರಿಯಾಯಿತು. ಹಾಗಾಗಿ ಬಾಗಿಲು ಅಗಲವಾಗಲಿಲ್ಲ ಅನ್ನುವ ದೂರು ನಮಗೆ ನಡೆಯಲ್ಲ.

ಇನ್ನು ಪಾಸ್‌ಪೋರ್ಟ್. ಭಾರತದ ಕಾನೂನು ಎರಡು ಪೌರತ್ವ ಒಪ್ಪುವುದಿಲ್ಲ. ವಿದೇಶಿ ಪೌರರಾದ ಭಾರತೀಯ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಪೌರತ್ವ ಅಲ್ಲ. 2008ರಲ್ಲಿ ಕ್ರೀಡಾ ಸಚಿವಾಲಯ ಭಾರತದ ಪಾಸ್‌ಪೋರ್ಟ್ ಇದ್ದವರು ಮಾತ್ರ ದೇಶಕ್ಕೆ ಆಡಬಹುದು ಅಂತ ಖಡಾಖಂಡಿತ ಹೇಳಿತು. ಆದ್ದರಿಂದ ಜಪಾನ್‌ನಲ್ಲಿ ಹುಟ್ಟಿದ ಇಜುಮಿ ಅರಾಟಾ ಅಲ್ಲಿನ ಪೌರತ್ವ ಬಿಟ್ಟು ಬಂದರು. ಬೆಂಗಳೂರು ಎಫ್‌ಸಿಗೆ ಆಡುವ, ಪರ್ತ್‌ನಲ್ಲಿ ಬೆಳೆದ ರಯಾನ್ ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯಾ ಪಾಸ್‌ಪೋರ್ಟ್ ಬಿಟ್ಟುಕೊಟ್ಟರು. ಅವರ ತಾಯಿಯ ಕಡೆಯ ಬೇರು ಮುಂಬೈಯಲ್ಲಿದೆ. ಕ್ಯುರಸಾವ್‌ನ ಆಟಗಾರ ಏನನ್ನೂ ಕಳೆದುಕೊಳ್ಳದೆ ಮಾಡುವ ಆಯ್ಕೆಗೆ ಇವರು ಒಂದು ದೇಶದ ಪೌರತ್ವವನ್ನೇ ತೆತ್ತರು.

ಮಧ್ಯದ ದಾರಿ ಹಿಡಿದದ್ದು ಸುರಿನಾಮ್. ಅದೂ ಹಳೆಯ ಡಚ್ ವಸಾಹತು, ಆದರೆ 1975ರಲ್ಲೇ ಸ್ವತಂತ್ರವಾಯಿತು. ಅಲ್ಲಿನ ಕಾಲುಭಾಗದಷ್ಟು ಜನ ಭಾರತದಿಂದ ಹೋದ ಕೂಲಿಗಳ ವಂಶದವರು. ನಮ್ಮ ಹಾಗೇ ಅವರಿಗೂ ಎರಡು ಪೌರತ್ವ ಇಲ್ಲ. ಆದ್ದರಿಂದ ನೆದರ್ಲೆಂಡ್ಸ್‌ನಲ್ಲಿರುವ ತಮ್ಮ ಮೂಲದ ಆಟಗಾರರಿಗೆ ‘ಕ್ರೀಡಾ ಪಾಸ್‌ಪೋರ್ಟ್’ ಅಂತ ಒಂದು ವ್ಯವಸ್ಥೆ ಮಾಡಿದರು. ಈ ಸಲ ವಿಶ್ವಕಪ್ ಪ್ಲೇಆಫ್ ತನಕ ಹೋದರು. ಭಾರತದಲ್ಲೂ ಹೀಗೆ ಮಾಡಬಹುದಲ್ಲ ಅನ್ನುವವರು ಈ ಉದಾಹರಣೆ ಹಿಡಿದುಕೊಳ್ಳುತ್ತಾರೆ. ಪೌರತ್ವವನ್ನು ಆಟಕ್ಕಾಗಿ ಸಡಿಲಿಸಿದರೆ ನಾಳೆ ಎಲ್ಲ ಕ್ರೀಡೆಯವರೂ ಬರುತ್ತಾರೆ, ಇಲ್ಲಿನ ಹುಡುಗರ ಜಾಗ ಹೋಗುತ್ತದೆ ಅನ್ನುವುದು ಎದುರಿನ ವಾದ.

ಈ ವಾದ ಪ್ರತಿವಾದದಲ್ಲಿ ಒಂದು ಮಾತು ಜಾರಿಹೋಗುತ್ತದೆ. ಕ್ಯುರಸಾವ್‌ಗೆ ಸಿಕ್ಕದ್ದು ಬರೀ ಪಾಸ್‌ಪೋರ್ಟ್ ಅಲ್ಲ, ಆ ಪಾಸ್‌ಪೋರ್ಟ್ ಇದ್ದ, ಅಕಾಡೆಮಿಗಳಲ್ಲಿ ಪಳಗಿದ ಹುಡುಗರು. ಬ್ರಿಟನ್‌ನಲ್ಲಿ ಭಾರತೀಯ ಮೂಲದವರು ಲಕ್ಷಗಟ್ಟಲೆ ಇದ್ದಾರೆ. ಅವರಲ್ಲಿ ವೃತ್ತಿಪರ ಫುಟ್‌ಬಾಲ್ ಆಡುವವರು ಬೆರಳೆಣಿಕೆ. ನಾಳೆಯೇ ನಿಯಮ ಬದಲಾದರೂ ನಮಗೆ ಸಿಗುವುದು ಮೂರು ನಾಲ್ಕು ಒಳ್ಳೆ ಆಟಗಾರರು, ಒಂದು ಪೂರ್ತಿ ತಂಡವಲ್ಲ. ಉಳಿದವರು ಇಲ್ಲಿಂದಲೇ ಬರಬೇಕು. ಢಾಕಾದಲ್ಲಿ ಸೋತ ದಿನ ಇಲ್ಲಿನ ದೊಡ್ಡ ಲೀಗ್ ಐಎಸ್‌ಎಲ್‌ನ ಆ ಸಲದ ಆಟ ಇನ್ನೂ ಶುರುವೇ ಆಗಿರಲಿಲ್ಲ.

ಜೂನ್‌ನ ಲೆಕ್ಕ, ಅದರಾಚೆಯ ಲೆಕ್ಕ

ಕ್ಯುರಸಾವ್‌ಗೆ ಸಿಕ್ಕ ಗುಂಪು ಕರುಣೆ ಇಲ್ಲದ್ದು. ಜೂನ್ 14ಕ್ಕೆ ಹ್ಯೂಸ್ಟನ್‌ನಲ್ಲಿ ಜರ್ಮನಿ, 20ಕ್ಕೆ ಕ್ಯಾನ್ಸಸ್ ಸಿಟಿಯಲ್ಲಿ ಈಕ್ವಡಾರ್, 25ಕ್ಕೆ ಫಿಲಡೆಲ್ಫಿಯಾದಲ್ಲಿ ಐವರಿ ಕೋಸ್ಟ್. ಜರ್ಮನಿ ನಾಲ್ಕು ಸಲದ ಚಾಂಪಿಯನ್, ಕಳೆದ ಎರಡು ವಿಶ್ವಕಪ್‌ನಲ್ಲಿ ಗುಂಪಿನಲ್ಲೇ ಔಟ್ ಆದ ಅವಮಾನ ಬೇರೆ ತೊಳೆಯಬೇಕಿದೆ. ಈಕ್ವಡಾರ್ ದಕ್ಷಿಣ ಅಮೆರಿಕದ 18 ಅರ್ಹತಾ ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಐದೇ ಗೋಲು. ಐವರಿ ಕೋಸ್ಟ್ ಆಫ್ರಿಕಾದ ಹತ್ತು ಪಂದ್ಯಗಳಲ್ಲಿ ಒಂದೂ ಬಿಟ್ಟುಕೊಡಲಿಲ್ಲ. ಯಾರ ಮೇಲೆ ಗೋಲು ಹೊಡೆಯೋದು ಅಂತಲೇ ಮೊದಲ ಚಿಂತೆ.

ಆದರೂ ದಾರಿ ಇದೆ. 12 ಗುಂಪುಗಳಲ್ಲಿ ಮೊದಲ ಎರಡು ಸ್ಥಾನದವರ ಜೊತೆ, ಮೂರನೇ ಸ್ಥಾನದ 12 ತಂಡಗಳಲ್ಲಿ ಎಂಟು ಮುಂದಿನ ಸುತ್ತಿಗೆ ಹೋಗುತ್ತವೆ. ಅಂದರೆ ಮೂರರಲ್ಲಿ ಎರಡು ಪಾಲು. ಯುರೋಪಿನ ಯೂರೋ ಟೂರ್ನಿಯಲ್ಲೂ ಇದೇ ಪ್ರಮಾಣ, ಆರರಲ್ಲಿ ನಾಲ್ಕು. ಅಲ್ಲಿ ಕಳೆದ ಮೂರು ಆವೃತ್ತಿಯಲ್ಲೂ ಬರೀ 3 ಅಂಕ ಪಡೆದ ತಂಡವೊಂದಾದರೂ ಮುಂದೆ ಹೋಗಿದೆ. 2016ರ ಪೋರ್ಚುಗಲ್ ಹಾಗೆ ಹೋಗಿ ಕಪ್ಪನ್ನೇ ಎತ್ತಿತು. ಹಾಗಾಗಿ ಕ್ಯುರಸಾವ್ ಜರ್ಮನಿಯನ್ನು ಸೋಲಿಸಬೇಕಿಲ್ಲ. ಒಂದು ಗೆಲುವು, ಉಳಿದ ಎರಡರಲ್ಲಿ ಹೆಚ್ಚು ಗೋಲು ತಿನ್ನದೆ ಇರುವುದು. ಹ್ಯೂಸ್ಟನ್‌ನಲ್ಲಿ 0-1 ಸೋಲಿಗೂ 0-5 ಸೋಲಿಗೂ ಭಾರಿ ವ್ಯತ್ಯಾಸ ಆಗಬಹುದು.

ಹಣದ ಲೆಕ್ಕ ಇನ್ನೂ ದೊಡ್ಡದು. 2025ರ ಡಿಸೆಂಬರ್‌ನಲ್ಲಿ ಫಿಫಾ ಪ್ರಕಟಿಸಿದ ಪ್ರಕಾರ ಮೂರೂ ಪಂದ್ಯ ಸೋತ ತಂಡಕ್ಕೂ ತಯಾರಿ ಖರ್ಚು ಸೇರಿ 1.05 ಕೋಟಿ ಡಾಲರ್ ಸಿಗುತ್ತದೆ. ನಮ್ಮ ರೂಪಾಯಿಯಲ್ಲಿ 90 ಕೋಟಿಗೂ ಜಾಸ್ತಿ. 444 ಚದರ ಕಿಲೋಮೀಟರಿನ ದ್ವೀಪದ ಫೆಡರೇಶನ್‌ಗೆ ಇದು ಹಿಂದೆಂದೂ ನೋಡದ ಮೊತ್ತ.

ಅದನ್ನು ಏನು ಮಾಡುತ್ತಾರೆ ಅನ್ನುವುದಕ್ಕೆ ಪಕ್ಕದಲ್ಲೇ ಎರಡು ಹಳೇ ಕಥೆಗಳಿವೆ. 1998ರಲ್ಲಿ ಜಮೈಕಾ ಇಂಗ್ಲೆಂಡ್‌ನಲ್ಲಿ ಹುಟ್ಟಿದ ಆಟಗಾರರನ್ನು ಸೇರಿಸಿಕೊಂಡು ವಿಶ್ವಕಪ್‌ಗೆ ಹೋಯಿತು, ಜಪಾನ್ ಅನ್ನು ಸೋಲಿಸಿ ಬಂತು. ಅದಾದ ಮೇಲೆ 2022ರ ತನಕ ಒಂದು ಸಲವೂ ಹೋಗಲಿಲ್ಲ, ಈ ಸಲದ ನೇರ ಜಾಗವೂ ಕಂಬಕ್ಕೆ ಬಡಿದು ವಾಪಸ್ ಬಂತು. 2006ರಲ್ಲಿ ಟ್ರಿನಿಡಾಡ್ ಮತ್ತು ಟೊಬಾಗೊ ಡಚ್ ಕೋಚ್ ಲಿಯೊ ಬೇನ್‌ಹಾಕರ್ ಕೈಯಲ್ಲಿ ಹೋಯಿತು, ಸ್ವೀಡನ್ ಜೊತೆ 0-0 ಮಾಡಿತು. ಆಮೇಲೆ ಬೋನಸ್ ಹಣಕ್ಕಾಗಿ ಆಟಗಾರರು ತಮ್ಮ ಫೆಡರೇಶನ್ ವಿರುದ್ಧವೇ ವರ್ಷಗಟ್ಟಲೆ ಕೋರ್ಟು ಅಲೆದರು.

ಕ್ಯುರಸಾವ್‌ಗೆ ಇನ್ನೊಂದು ಆತಂಕವೂ ಇದೆ. 2030ರ ಅರ್ಹತಾ ಸುತ್ತಿನಲ್ಲಿ ಅಮೆರಿಕ, ಮೆಕ್ಸಿಕೊ, ಕೆನಡಾ ಮತ್ತೆ ಪರೀಕ್ಷೆಗೆ ಕೂರುತ್ತವೆ. ಈಗಿನ ನಾಯಕ ಬಕುನಾ, ಗೋಲ್‌ಕೀಪರ್ ರೂಮ್ ಇಬ್ಬರೂ 30 ದಾಟಿದವರು. ಡಚ್ ಅಕಾಡೆಮಿಗಳಿಂದ ಹೊಸಬರು ಬರುತ್ತಲೇ ಇರುತ್ತಾರೆ, ಅದರಲ್ಲಿ ಅನುಮಾನ ಇಲ್ಲ. ಆದರೆ ವಿಲ್ಲೆಮ್‌ಸ್ಟಾಡ್‌ನ ಕ್ರೀಡಾಂಗಣಕ್ಕೆ ಹೆಸರು ಕೊಟ್ಟ ಎರ್ಗಿಲಿಯೊ ಹಾಟೊ 1952ರ ಆ ತಂಡದ ಗೋಲ್‌ಕೀಪರ್, ದ್ವೀಪದಲ್ಲೇ ಹುಟ್ಟಿ ಅಲ್ಲೇ ಆಡಿ ಬೆಳೆದವರು. ಈಗ ಅದೇ ಮೈದಾನದಲ್ಲಿ ರಾಷ್ಟ್ರಗೀತೆಗೆ ನಿಲ್ಲುವ ಹನ್ನೊಂದು ಮಂದಿಯಲ್ಲಿ ದ್ವೀಪದಲ್ಲಿ ಹುಟ್ಟಿದವರು ಹೆಚ್ಚೆಂದರೆ ಒಬ್ಬರು. ಫಿಫಾ ಹಣ ಎಲ್ಲಿ ಹೋಯಿತು ಅಂತ ನಾಲ್ಕು ವರ್ಷ ಬಿಟ್ಟು ನೋಡಬೇಕೆಂದರೆ ಆಡಿಟ್ ವರದಿ ಹುಡುಕಬೇಕಿಲ್ಲ, ತಂಡದ ಪಟ್ಟಿಯಲ್ಲಿ ಹುಟ್ಟಿದ ಊರಿನ ಕಾಲಂ ನೋಡಿದರೆ ಆಯಿತು.